ಚಳಿಯಲ್ಲಿ ಕಾರಿನ ಹಸಿವು

ಮೈಸೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಬಹುಕಾಲ ದುಡಿದು ನಿವೃತ್ತರಾದ ಹಿರಿಯರೊಬ್ಬರು ಮಗನ ಸಂಸಾರವನ್ನು ಕಂಡುಬರಲೆಂದು ಕೆನಡಾ ದೇಶದ ವಿನಿಪೆಗ್ ನಗರಕ್ಕೆ ಹೋದರು. ಹೋದದ್ದು ಡಿಸೆಂಬರಿನಲ್ಲಿ. ತಿಳಿದವರು ಆ ಊರಿಗೆ ಹೋಗಲು ಆರಿಸಿಕೊಳ್ಳುವ ತಿಂಗಳು ಅದಲ್ಲ. ಆದರೆ ಮೊಮ್ಮಗಳ ಮುಖವನ್ನು ನೋಡುವ ಆತುರ ಹವಾಮಾನದ ವರದಿಯನ್ನು ಕೇಳುವುದಿಲ್ಲ.

ಹೋದ ಮೂರನೆಯ ದಿನ ಬೆಳಗ್ಗೆ ಏಳು ಗಂಟೆಗೆ, ಹೊರಗೆ ಇನ್ನೂ ಕತ್ತಲಿರುವಾಗಲೇ ಎದ್ದು, ಮಗನಿಗೆ ಒಂದಿಷ್ಟು ಸಹಾಯವಾಗಲೆಂದು ಅವರು ಮನೆಗೆ ಹೊಂದಿಕೊಂಡಿದ್ದ ಗ್ಯಾರೇಜಿಗೆ ಇಳಿದರು. ಮೈಸೂರಿನಲ್ಲಿ ಅವರು ಹದಿನೆಂಟು ವರ್ಷ ಒಂದು ಪ್ರೀಮಿಯರ್ ಪದ್ಮಿನಿ ಗಾಡಿಯನ್ನು ಸಾಕಿದ್ದರು. ಸಾಕಿದ್ದರು ಎಂಬ ಮಾತೇ ಸರಿ. ಬೆಳಗ್ಗೆ ಚೋಕ್ ಗುಂಡಿಯನ್ನು ಎಳೆದು, ಎಂಜಿನನ್ನು ಚಾಲೂ ಮಾಡಿ, ಅದು ಕೆಮ್ಮಿ ಕ್ಯಾಕರಿಸಿ ಸಮಾಧಾನಕ್ಕೆ ಬರುವವರೆಗೆ ಕಾಫಿ ಕುಡಿಯುವುದು ಅವರ ನಿತ್ಯವಿಧಿ. ಮೈಸೂರಿನ ಹದಿನೈದು ಡಿಗ್ರಿಯ ಚಳಿಗೇ ಅಷ್ಟು ಉಪಚಾರ ಬೇಕಾಗಿದ್ದರೆ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಗೆ ಎಷ್ಟು ಬೇಕು? ಹಿರಿಯರು ಎಂಜಿನನ್ನು ಚಾಲೂ ಮಾಡಿದರು. ಚಳಿ ಒಳಗೆ ನುಗ್ಗಬಾರದೆಂದು ಗ್ಯಾರೇಜಿನ ದೊಡ್ಡ ಬಾಗಿಲನ್ನು ಮುಚ್ಚಿಯೇ ಇಟ್ಟರು. ಪಕ್ಕದಲ್ಲಿದ್ದ ಮರದ ಪೆಟ್ಟಿಗೆಯ ಮೇಲೆ ಕುಳಿತು, ಶಾಲನ್ನು ಕಿವಿಯವರೆಗೆ ಎಳೆದುಕೊಂಡರು.

ಅಡಿಗೆಮನೆಯಲ್ಲಿ ಡಿಕಾಕ್ಷನ್ ಹಾಕುತ್ತಿದ್ದ ಸೊಸೆಗೆ ಎಂಜಿನಿನ ಗುರುಗುಟ್ಟುವ ಶಬ್ದ ಕೇಳಿಸಿತು. ಬಾಗಿಲು ಮೇಲೇರುವ ಶಬ್ದ ಮಾತ್ರ ಕೇಳಿಸಲಿಲ್ಲ. ಅವಳು ಕೈಯಲ್ಲಿದ್ದುದನ್ನು ಅಲ್ಲಿಯೇ ಬಿಟ್ಟು ಓಡಿಬಂದಳು. ಗೋಡೆಯ ಗುಂಡಿಯನ್ನು ಒತ್ತಿ ಬಾಗಿಲನ್ನು ತೆರೆದಳು, ಕಾರಿನ ಎಂಜಿನನ್ನು ನಿಲ್ಲಿಸಿದಳು, ಮಾವನವರ ತೋಳನ್ನು ಹಿಡಿದು ಮನೆಯ ಮುಂದಿನ ಹಿಮದ ಮೇಲೆ ತಂದು ನಿಲ್ಲಿಸಿದಳು. ಸದಾ ಮೆಲ್ಲಗೆ ಮಾತನಾಡುವ ಹುಡುಗಿ ಅಂದು ಕೂಗಿದಳು.

"ಮಾವ, ಬಾಗಿಲು ಮುಚ್ಚಿಕೊಂಡು ಯಾಕೆ ಕೂತಿದ್ದಿರಿ? ಪ್ರಾಣ ಹೋಗುತ್ತಿತ್ತಲ್ಲ!"

"ಎಂಜಿನ್ನು ಬಿಸಿಯಾಗಲಿ ಅಂತ ಅಮ್ಮಾ," ಎಂದರು ಹಿರಿಯರು. ಅವರಿಗೆ ತಲೆ ಸ್ವಲ್ಪ ಭಾರವಾದಂತೆನಿಸಿತ್ತು. ಅದನ್ನು ಹಿಂದಿನ ಎರಡು ರಾತ್ರಿಗಳ ನಿದ್ರೆಗೇಡಿನ ಲೆಕ್ಕಕ್ಕೆ ಬರೆದಿದ್ದರು.

ಆ ಕೂಗಿನ ಅರ್ಥ ತಿಳಿಯಬೇಕಾದರೆ, ತಣ್ಣಗಿರುವ ಎಂಜಿನ್ನು ಏನು ಮಾಡುತ್ತದೆಂಬುದನ್ನು ಮೊದಲು ತಿಳಿಯಬೇಕು. ಚಳಿಗಾಲದಲ್ಲಿ ಕಾರು ಹೆಚ್ಚು ಪೆಟ್ರೋಲನ್ನು ಏಕೆ ಕುಡಿಯುತ್ತದೆಂಬ ಪ್ರಶ್ನೆಗೂ ಉತ್ತರ ಅಲ್ಲಿಯೇ ಇದೆ.

ಪೆಟ್ರೋಲು ದ್ರವರೂಪದಲ್ಲಿ ಉರಿಯುವುದಿಲ್ಲ. ಆವಿಯಾಗಿ ಗಾಳಿಯೊಡನೆ ಬೆರೆತಾಗ ಮಾತ್ರ ಉರಿಯುತ್ತದೆ. ಕೊರೆಯುವ ಚಳಿಯಲ್ಲಿ ಸಿಲಿಂಡರಿಗೆ ಬಂದ ಪೆಟ್ರೋಲಿನ ಒಂದು ಪಾಲು ಮಾತ್ರ ಆವಿಯಾಗುತ್ತದೆ. ಉಳಿದದ್ದು ತಣ್ಣನೆಯ ಗೋಡೆಗಳಿಗೆ ಅಂಟಿಕೊಂಡು, ಅರೆಬೆಂದ ಸ್ಥಿತಿಯಲ್ಲಿ ಹೊಗೆಯ ಕೊಳವೆಯಿಂದ ಹೊರಬೀಳುತ್ತದೆ, ಇಲ್ಲವೆ ಕೆಳಗಿಳಿದು ಎಂಜಿನ್ ಎಣ್ಣೆಯನ್ನು ಕೆಡಿಸುತ್ತದೆ. ಆದ್ದರಿಂದ ಎಂಜಿನ್ನು ಹೊತ್ತಿಕೊಳ್ಳಬೇಕಾದರೆ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲನ್ನು ಸುರಿಯಲೇಬೇಕು. ಪದ್ಮಿನಿಯ ಚೋಕ್ ಮಾಡುತ್ತಿದ್ದುದು ಇದನ್ನೇ: ಗಾಳಿಯ ದಾರಿಯನ್ನು ಕಿರಿದಾಗಿಸಿ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲನ್ನು ಹೆಚ್ಚಿಸುವುದು. ಇಂದಿನ ಗಾಡಿಗಳಲ್ಲಿ ಕಾರ್ಬೊರೇಟರ್ ಇಲ್ಲ, ಚೋಕ್ ಗುಂಡಿಯೂ ಇಲ್ಲ. ಎಂಜಿನಿನ ಶಾಖವನ್ನು ಅಳೆಯುವ ಸಣ್ಣ ಉಪಕರಣವೊಂದು ಗಣಕಕ್ಕೆ ವರದಿ ಒಪ್ಪಿಸುತ್ತದೆ. ಗಣಕವು ಎಷ್ಟು ಪೆಟ್ರೋಲು ಬೇಕೋ ಅಷ್ಟನ್ನು ಅಳೆದು ಸಿಂಪಡಿಸುತ್ತದೆ. ಚಾಲಕನು ಕಾಯುವ ಅಗತ್ಯ ತಪ್ಪಿತು. ಎಂಜಿನ್ನು ತಣ್ಣಗಿರುವವರೆಗೂ ಹೆಚ್ಚು ಪೆಟ್ರೋಲು ಸುರಿಯುವುದು ಮಾತ್ರ ತಪ್ಪಲಿಲ್ಲ.

ಅರೆಬೆಂದ ಪೆಟ್ರೋಲಿನಿಂದ ಹುಟ್ಟುವ ಅನಿಲಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಒಂದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಈ ವಿಷಾನಿಲವನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿದ ಪ್ರೀತಿಯಿಂದ ಅಪ್ಪಿಕೊಳ್ಳುತ್ತದೆ. ಆಧುನಿಕ ಕಾರುಗಳ ಹೊಗೆಕೊಳವೆಯಲ್ಲಿ ಈ ವಿಷವನ್ನು ಕಳೆಯುವ ಪರಿವರ್ತಕವೊಂದು ಇರುವುದು ನಿಜ. ಆದರೆ ಅದು ಇನ್ನೂರೈವತ್ತು ಮುನ್ನೂರು ಡಿಗ್ರಿ ಬಿಸಿಯಾಗುವವರೆಗೆ ಕೆಲಸವನ್ನೇ ಆರಂಭಿಸುವುದಿಲ್ಲ. ಎಂದರೆ, ಮುಂಜಾನೆ ತಣ್ಣಗಿರುವ ಕಾರನ್ನು ಚಾಲೂ ಮಾಡಿದ ಮೊದಲ ನಿಮಿಷಗಳಲ್ಲಿಯೇ ವಿಷ ಅತ್ಯಧಿಕ. ಅದೇ ನಿಮಿಷಗಳನ್ನು ಹಿರಿಯರು ಮುಚ್ಚಿದ ಬಾಗಿಲ ಹಿಂದೆ ಕಳೆದಿದ್ದರು. ೨೦೨೨ರ ಜನವರಿಯಲ್ಲಿ ಪಾಕಿಸ್ತಾನದ ಗಿರಿಧಾಮವಾದ ಮರ್ರಿಯಲ್ಲಿ ಹಿಮಪಾತಕ್ಕೆ ಸಿಕ್ಕಿ ದಾರಿಯಲ್ಲಿ ನಿಂತ ಕಾರುಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಜನ, ಹೆಂಗಸರು ಮಕ್ಕಳು ಸೇರಿ, ಪ್ರಾಣಬಿಟ್ಟರು. ಅವರಲ್ಲಿ ಕೆಲವರನ್ನು ಕೊಂದದ್ದು ಚಳಿಯಲ್ಲ, ಈ ಅನಿಲವೆಂದು ವರದಿಯಾಯಿತು. ಹಿಮವು ಹೊಗೆಕೊಳವೆಯ ಬಾಯನ್ನು ಮುಚ್ಚಿದರೆ ಬಯಲಿನಲ್ಲಿ ನಿಂತ ಕಾರೂ ಮುಚ್ಚಿದ ಗ್ಯಾರೇಜಿಗೆ ಸಮಾನ.

ಆ ಸಂಜೆ ಮಗ ಕಚೇರಿಯಿಂದ ಬಂದವನು ವಿಷಯ ತಿಳಿದು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ತಂದೆಯ ಪಕ್ಕದಲ್ಲಿ ಕುಳಿತು ಹೇಳಿದ:

"ಅಪ್ಪಾ, ಇಲ್ಲಿ ಬಾಗಿಲು ತೆರೆದಿಟ್ಟರೂ ಎಂಜಿನ್ನನ್ನು ನಿಂತಲ್ಲೇ ಓಡಿಸುವುದು ಬೇಡ. ಗ್ಯಾರೇಜಿನಿಂದ ಹೊಗೆ ಮನೆಯೊಳಕ್ಕೆ ನುಸುಳುತ್ತದೆ. ಅದೂ ಅಲ್ಲದೆ, ಅದರಿಂದ ಎಂಜಿನ್ನು ಬೇಗ ಬಿಸಿಯೂ ಆಗುವುದಿಲ್ಲ."

ಮೊದಲನೆಯ ಮಾತನ್ನು ಹಿರಿಯರು ಕೂಡಲೇ ಒಪ್ಪಿದರು. ಎರಡನೆಯದನ್ನು ಒಪ್ಪಲು ಅವರ ಹದಿನೆಂಟು ವರ್ಷದ ಅನುಭವ ಅಡ್ಡಬಂದಿತು.

ಆದರೆ ಮಗನ ಮಾತು ದಿಟ. ನಿಂತಲ್ಲಿ ಓಡುವ ಎಂಜಿನ್ನು ದುಡಿಯುವುದೇ ಅಲ್ಪ. ಆದ್ದರಿಂದ ಅದು ಬಿಸಿಯಾಗುವುದೂ ನಿಧಾನ. ಅದೇ ಗಾಡಿಯನ್ನು ಅರ್ಧ ನಿಮಿಷದ ಬಳಿಕ ಮೆಲ್ಲಗೆ ಓಡಿಸಿಕೊಂಡು ಹೋದರೆ ಕೆಲವೇ ಕಿಲೋಮೀಟರುಗಳಲ್ಲಿ ಶಾಖ ಏರುತ್ತದೆ. ಎಂಜಿನ್ನು ಮಾತ್ರವಲ್ಲ, ಗಿಯರು, ಚಕ್ರದ ಬೇರಿಂಗು, ಟೈರು ಇವೆಲ್ಲ ಹದಕ್ಕೆ ಬರುವುದು ಗಾಡಿ ಉರುಳಿದಾಗಲೇ ಹೊರತು ನಿಂತಾಗ ಅಲ್ಲ. ಮೂರು ಲೀಟರಿನ ಎಂಜಿನ್ನು ಹತ್ತು ನಿಮಿಷ ನಿಂತು ಓಡಿದರೆ ಸುಮಾರು ೩೦೦ ಮಿಲಿಲೀಟರು ಪೆಟ್ರೋಲು ವ್ಯರ್ಥವೆಂದು ಕೆನಡಾ ಸರ್ಕಾರದ ಲೆಕ್ಕ ಹೇಳುತ್ತದೆ. ಅಷ್ಟು ಸುಟ್ಟೂ ಪ್ರಯಾಣ ಮಾಡಿದ ದೂರ ಸೊನ್ನೆ. ಟೊರೊಂಟೊ ನಗರವಂತೂ ನಿಂತ ಗಾಡಿಯ ಎಂಜಿನನ್ನು ಓಡಿಸುತ್ತಿರುವುದಕ್ಕೆ ೧೯೯೬ರಲ್ಲಿಯೇ ಕಟ್ಟುಪಾಡು ತಂದಿತು. ಮುಂದಿನ ಗಾಜಿನ ಮೇಲಿನ ಹಿಮವನ್ನು ಕೆರೆದು ತೆಗೆಯುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಕಾದರೆ ಸಾಕು. ಗಾಜು ಸ್ವಚ್ಛವಾಗದೆ ಹೊರಡುವುದು ಮಾತ್ರ ಉಳಿತಾಯವಲ್ಲ, ಅವಿವೇಕ.

ಹಾಗಾದರೆ ಎಂಜಿನನ್ನು ಬೆಚ್ಚಗಿಡುವ ಬಗೆ ಯಾವುದು?

ವಿನಿಪೆಗ್ಗಿನ ಬೀದಿಗಳಲ್ಲಿ ನಡೆಯುವ ಭಾರತೀಯನಿಗೆ ಒಂದು ನೋಟ ವಿಚಿತ್ರವಾಗಿ ಕಾಣುತ್ತದೆ. ಕಾರುಗಳ ಮೂತಿಯಿಂದ ಇಲಿಯ ಬಾಲದಂತೆ ಒಂದು ವಿದ್ಯುತ್ ತಂತಿ ನೇತಾಡುತ್ತಿರುತ್ತದೆ. ಅದರ ತುದಿಯಲ್ಲಿ ಇಸ್ತ್ರಿಪೆಟ್ಟಿಗೆಗೆ ಇರುವಂಥ ಪ್ಲಗ್ಗು. ಕಚೇರಿಗಳ ಮುಂದೆ, ವಠಾರದ ಮನೆಗಳ ಹಿಂದೆ ಕಾರು ನಿಲ್ಲಿಸುವ ಕಡೆಗಳಲ್ಲಿ ಸಾಲಾಗಿ ವಿದ್ಯುತ್ತಿನ ಕಂಬಗಳು. ನಮ್ಮಲ್ಲಿ ದನಗಳನ್ನು ಗೂಟಕ್ಕೆ ಕಟ್ಟುವಂತೆ ಅಲ್ಲಿ ಕಾರುಗಳನ್ನು ಕಂಬಕ್ಕೆ ಕಟ್ಟುತ್ತಾರೆ. ವಿದ್ಯುತ್ತಿನಿಂದ ಓಡುವ ಕಾರುಗಳಲ್ಲ, ಪೆಟ್ರೋಲಿನವೇ. ಆ ತಂತಿಯ ಇನ್ನೊಂದು ತುದಿ ಎಂಜಿನಿನ ಒಡಲೊಳಗೆ, ಅದನ್ನು ತಂಪಾಗಿಡುವ ದ್ರವದಲ್ಲಿ ಮುಳುಗಿರುತ್ತದೆ. ಸ್ನಾನದ ನೀರು ಕಾಯಿಸುವ ವಿದ್ಯುತ್ ಸುರುಳಿಯ ಸಣ್ಣ ತಮ್ಮನೆನ್ನಬಹುದು. ತಂಪಾಗಿಸುವ ದ್ರವವನ್ನೇ ಕಾಯಿಸಿ ಎಂಜಿನನ್ನು ಬೆಚ್ಚಗಿಡುವ ಈ ಸಾಧನಕ್ಕೆ ಅಲ್ಲಿಯವರು ಬ್ಲಾಕ್ ಹೀಟರ್ ಎನ್ನುತ್ತಾರೆ.

ಇದರ ಹುಟ್ಟಿನ ಕತೆ ಸ್ವಾರಸ್ಯವಾದುದು. ಹಿಂದಿನ ಕಾಲದಲ್ಲಿ ಅಲಾಸ್ಕದ ವಿಮಾನ ಚಾಲಕರು ರಾತ್ರಿ ಎಂಜಿನಿನ ಎಣ್ಣೆಯನ್ನು ಡಬ್ಬಕ್ಕೆ ಬಸಿದುಕೊಂಡು, ಮನೆಯ ಒಲೆಯ ಬಳಿ ಇಟ್ಟು, ಬೆಳಗ್ಗೆ ಬಿಸಿಯಾಗಿ ತಂದು ಸುರಿಯುತ್ತಿದ್ದರು. ಕೆಲವರು ಗಾಡಿಯ ಹೊಟ್ಟೆಯ ಕೆಳಗೆ ಕೆಂಡವನ್ನೇ ಇಡುತ್ತಿದ್ದರು. ಎಂಜಿನ್ನು ಹೊತ್ತಿಕೊಳ್ಳುವ ಬದಲು ಗಾಡಿಯೇ ಹೊತ್ತಿಕೊಳ್ಳುವ ಸಂಭವವಿದ್ದ ಉಪಾಯವದು. ವಿನಿಪೆಗ್ಗಿನ ಮೂಲಕ ಹರಿಯುವ ರೆಡ್ ನದಿಯ ದಂಡೆಯಲ್ಲಿಯೇ ದಕ್ಷಿಣಕ್ಕೆ, ಗಡಿಯ ಆಚೆ, ಅಮೆರಿಕದ ಉತ್ತರ ಡಕೋಟ ಪ್ರಾಂತದ ಗ್ರ್ಯಾಂಡ್ ಫೋರ್ಕ್ಸ್ ಎಂಬ ಊರಿದೆ. ಅಲ್ಲಿಯ ಗ್ರಾಮಾಂತರ ವಿದ್ಯುತ್ ಸಹಕಾರ ಸಂಸ್ಥೆಯ ವ್ಯವಸ್ಥಾಪಕನಾಗಿದ್ದ ಆಂಡ್ರೂ ಫ್ರೀಮನ್ ಎಂಬಾತ, ಹಳೆಯ ಇಸ್ತ್ರಿಪೆಟ್ಟಿಗೆಯ ಸುರುಳಿಯನ್ನೂ ಗುಜರಿ ತಾಮ್ರದ ಕೊಳವೆಯನ್ನೂ ಜೋಡಿಸಿ ತನ್ನ ಕಾರಿಗಾಗಿ ಮೊದಲ ಹೀಟರನ್ನು ಮಾಡಿಕೊಂಡನಂತೆ. ೧೯೪೯ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಹಳ್ಳಿಹಳ್ಳಿಗೆ ವಿದ್ಯುತ್ತನ್ನು ಒಯ್ಯುತ್ತಿದ್ದ ಸಂಸ್ಥೆಯವನಿಗೆ ವಿದ್ಯುತ್ತಿನ ಹೊಸದೊಂದು ಉಪಯೋಗ ಹೊಳೆದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಸೊನ್ನೆಗಿಂತ ೨೦ ಡಿಗ್ರಿ ಕೆಳಗಿನ ಚಳಿಯಲ್ಲಿ ಈ ಹೀಟರು ಪೆಟ್ರೋಲಿನ ಮಿತವ್ಯಯವನ್ನು ಶೇಕಡ ೧೦ರವರೆಗೆ ಹೆಚ್ಚಿಸಬಲ್ಲದೆಂದು ಕೆನಡಾದ ಸರ್ಕಾರ ಹೇಳುತ್ತದೆ. ಆದರೆ ಇದನ್ನು ರಾತ್ರಿಯೆಲ್ಲ ಹಚ್ಚಿಡುವವರೇ ಹೆಚ್ಚು. ಪೆಟ್ರೋಲಿನಲ್ಲಿ ಉಳಿಸಿದ್ದನ್ನು ವಿದ್ಯುತ್ತಿಗೆ ಕಟ್ಟುವ ಜಾಣತನವಿದು. ಎರಡು ಗಂಟೆ ಹಚ್ಚಿದರೆ ಎಂಜಿನ್ನು ಬೆಚ್ಚಗಾಗುತ್ತದೆ. ೫೦೦ ವಾಟಿನ ಹೀಟರು ಹತ್ತು ಗಂಟೆ ಉರಿದರೆ ಐದು ಯೂನಿಟ್, ಎರಡು ಗಂಟೆಗೆ ಒಂದೇ ಯೂನಿಟ್. ಇದಕ್ಕಾಗಿಯೇ ಸಮಯ ಗೊತ್ತುಮಾಡುವ ಸಣ್ಣ ಗಡಿಯಾರದ ಸ್ವಿಚ್ಚು ಅಂಗಡಿಗಳಲ್ಲಿ ದೊರೆಯುತ್ತದೆ. ಅದಕ್ಕೆ ಐದು ಗಂಟೆಯೆಂದು ಹೇಳಿ ಮಲಗಿದರೆ ಏಳು ಗಂಟೆಗೆ ಎಂಜಿನ್ನು ಸಿದ್ಧ. ಮ್ಯಾನಿಟೋಬ ಪ್ರಾಂತದ ವಿದ್ಯುತ್ತು ಬಹುಮಟ್ಟಿಗೆ ಜಲವಿದ್ಯುತ್ತೆಂದು ಕೇಳಿದಾಗ ಹಿರಿಯರಿಗೆ ಶಿವನಸಮುದ್ರ ನೆನಪಾಗಿ, ಆ ಯಂತ್ರದ ಮೇಲೆ ಗೌರವ ಹುಟ್ಟಿತು. ಮಗನ ಕಾರಿಗೂ ಅಂಥ ಬಾಲವಿತ್ತು. ಗ್ಯಾರೇಜಿನೊಳಗೆ ನಿಲ್ಲುವ ಕಾರಿಗೆ ಅದೇಕೆಂದು ಅವನು ಸುತ್ತಿ ಒಳಗೆ ಸಿಕ್ಕಿಸಿದ್ದ.

ಚಳಿಯಿಂದಾಗುವ ನಷ್ಟವೆಷ್ಟು ಎಂಬುದನ್ನು ಅಮೆರಿಕದ ಇಂಧನ ಇಲಾಖೆ ಅಳೆದಿದೆ. ೨೫ ಡಿಗ್ರಿಯ ಹಿತವಾದ ಹವೆಗೂ ಸೊನ್ನೆಗಿಂತ ೭ ಡಿಗ್ರಿ ಕೆಳಗಿನ ಚಳಿಗೂ ಹೋಲಿಸಿದರೆ, ಪೇಟೆಯೊಳಗಿನ ಓಡಾಟದಲ್ಲಿ ಒಂದು ಲೀಟರಿಗೆ ಸಾಗುವ ದೂರ ಶೇಕಡ ೧೫ರಷ್ಟು ಕುಗ್ಗುತ್ತದೆ. ಐದಾರು ಕಿಲೋಮೀಟರಿನ ಗಿಡ್ಡ ಪ್ರಯಾಣಗಳಾದರೆ ಶೇಕಡ ೨೪ರವರೆಗೂ ಹೋಗಬಹುದು. ಈ ಎರಡನೆಯ ಅಂಕೆಯಲ್ಲಿಯೇ ಗುಟ್ಟು ಅಡಗಿದೆ. ಗಿಡ್ಡ ಪ್ರಯಾಣದಲ್ಲಿ ಎಂಜಿನ್ನು ಬಿಸಿಯಾಗುವುದರೊಳಗೆ ಮನೆ ಬರುತ್ತದೆ; ಅಷ್ಟು ಪೆಟ್ರೋಲು ಸುಟ್ಟು ಗಳಿಸಿದ ಶಾಖ ಹಿಮಕ್ಕೆ ದಾನವಾಗುತ್ತದೆ; ಸಂಜೆ ಮತ್ತೆ ಮೊದಲಿನಿಂದ ಆರಂಭ.

ಈ ಲೆಕ್ಕವನ್ನು ಕೇಳಿದ ಮೇಲೆ ಹಿರಿಯರು ತಮ್ಮ ಹಳೆಯ ಕಚೇರಿಯ ಅಭ್ಯಾಸದಂತೆ ಒಂದು ನೋಟುಪುಸ್ತಕವನ್ನು ತೆರೆದು, ಮನೆಯ ಕಾರು ದಿನಕ್ಕೆ ಎಷ್ಟು ಬಾರಿ ಹೊರಡುತ್ತದೆಂದು ಬರೆಯತೊಡಗಿದರು. ಬೆಳಗ್ಗೆ ಮೊಮ್ಮಗಳ ಶಾಲೆ, ಮರಳಿ ಮನೆ. ಹನ್ನೊಂದಕ್ಕೆ ಅಂಚೆ ಕಚೇರಿ. ಮೂರಕ್ಕೆ ಮತ್ತೆ ಶಾಲೆ. ಸಂಜೆ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗಾಗಿ ಅಂಗಡಿ. ಆರು ದಿನ ಬರೆದು, ಏಳನೆಯ ದಿನ ಊಟದ ಮೇಜಿನ ಮೇಲೆ ವರದಿಯನ್ನು ಮಂಡಿಸಿದರು. ಆ ಊರಿನ ಪದ್ಧತಿಯಂತೆ ಲೆಕ್ಕವನ್ನು ನೂರು ಕಿಲೋಮೀಟರಿಗೆ ಎಷ್ಟು ಲೀಟರು ಎಂದು ಹೇಳಬೇಕಾಗಿತ್ತು. ಲೀಟರಿಗೆ ಹನ್ನೆರಡು ಕಿಲೋಮೀಟರು ಎಂಬುದು ಅಲ್ಲಿ ಎಂಟೂ ಕಾಲು ಚಿಲ್ಲರೆ. ಹತ್ತು ಕಿಲೋಮೀಟರಿಗೆ ಇಳಿದರೆ ಅದು ಹತ್ತಕ್ಕೆ ಏರುತ್ತದೆ. ಅಂಕ ಹೆಚ್ಚಿದಷ್ಟೂ ಕೇಡು ಎಂಬುದು ಅವರಿಗೆ ಒಗ್ಗಲು ಎರಡು ದಿನ ಹಿಡಿಯಿತು.

"ಕೊತ್ತಂಬರಿ ಸೊಪ್ಪನ್ನು ಶಾಲೆಯಿಂದ ಬರುವಾಗಲೇ ತರಬಹುದಲ್ಲಮ್ಮಾ?" ಎಂದರು.

"ಮೂರು ಗಂಟೆಗೆ ಸಂಜೆಯ ಸಾರಿಗೆ ಸೊಪ್ಪಿಲ್ಲ ಅಂತ ಹೊಳೆಯಬೇಕಲ್ಲ, ಮಾವ," ಎಂದಳು ಸೊಸೆ. ನ್ಯಾಯವಾದ ಉತ್ತರ. ಆದರೂ ಮರುದಿನದಿಂದ ಅಡಿಗೆಮನೆಯ ಗೋಡೆಯ ಮೇಲೆ ಒಂದು ಚೀಟಿ ನೇತಾಡಿತು. ಎಲ್ಲ ಕೆಲಸಗಳೂ ಒಂದೇ ಸುತ್ತಿನಲ್ಲಿ. ಮೊದಲು ದೂರದ ಕೆಲಸ, ಆಮೇಲೆ ಹತ್ತಿರದವು. ದೂರದ ಓಟದಲ್ಲಿ ಒಮ್ಮೆ ಚೆನ್ನಾಗಿ ಬಿಸಿಯಾದ ಎಂಜಿನ್ನು ನಡುನಡುವೆ ಕಾಲು ಗಂಟೆ ನಿಂತರೂ ಪೂರ್ತಿ ಆರುವುದಿಲ್ಲ. ಬ್ಲಾಕ್ ಹೀಟರಿಗೆ ಹಣ ಬೇಕು. ಇದಕ್ಕೆ ಒಂದು ಚೀಟಿ, ಒಂದು ಪೆನ್ಸಿಲು.

ಉಳಿದ ಕಾರಣಗಳು ಸಣ್ಣವು, ಆದರೆ ಸೇರಿದಾಗ ಸಣ್ಣವಲ್ಲ. ಗಾಳಿ ತಣ್ಣಗಾದಂತೆ ಕುಗ್ಗುವುದು ಪ್ರಕೃತಿಯ ನಿಯಮ. ಇಪ್ಪತ್ತು ಡಿಗ್ರಿಯಲ್ಲಿ ಮೂವತ್ತು ಪೌಂಡು ತುಂಬಿಸಿದ ಟೈರಿನಲ್ಲಿ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಉಳಿಯುವುದು ಇಪ್ಪತ್ತನಾಲ್ಕು ಪೌಂಡು. ಯಾವ ಮೊಳೆಯೂ ಚುಚ್ಚಿಲ್ಲ, ಯಾವ ತೂತೂ ಇಲ್ಲ. ಆದರೂ ಟೈರು ಬಸವಳಿದು ನೆಲಕ್ಕೆ ಅಂಟುತ್ತದೆ, ಎಂಜಿನ್ನು ಅದನ್ನು ಎಳೆದು ದಣಿಯುತ್ತದೆ. ಆದ್ದರಿಂದ ಚಳಿ ಇಳಿದ ಕೂಡಲೇ, ಗಾಡಿ ಓಡುವ ಮುನ್ನ, ಗಾಳಿಯನ್ನು ಅಳೆಯಬೇಕು. ಅದೇ ನಿಯಮದಿಂದ ಹೊರಗಿನ ಗಾಳಿಯೂ ಸುಮಾರು ಶೇಕಡ ೧೬ರಷ್ಟು ಸಾಂದ್ರವಾಗಿ, ಹೆದ್ದಾರಿಯಲ್ಲಿ ವೇಗವಾಗಿ ಓಡುವ ಕಾರನ್ನು ಹೆಚ್ಚು ಬಲವಾಗಿ ತಡೆಯುತ್ತದೆ. ಇದಕ್ಕೆ ವೇಗವನ್ನು ತಗ್ಗಿಸುವುದಲ್ಲದೆ ಬೇರೆ ಮದ್ದಿಲ್ಲ. ಹಿಮದ ದಾರಿಯಲ್ಲಿ ಜಾಣರು ಅದನ್ನು ಹೇಗೂ ತಗ್ಗಿಸುತ್ತಾರೆ.

ಎಂಜಿನಿನ ಎಣ್ಣೆ ಚಳಿಯಲ್ಲಿ ಹೆಪ್ಪುಗಟ್ಟುವ ಕೊಬ್ಬರಿ ಎಣ್ಣೆಯ ಹಾದಿಯನ್ನೇ ಹಿಡಿಯುತ್ತದೆ. ಡಬ್ಬದ ಮೇಲೆ ಐದು ಡಬ್ಲ್ಯು ಮೂವತ್ತು ಎಂದು ಬರೆದಿರುವುದನ್ನು ಎಲ್ಲರೂ ಕಂಡಿರುತ್ತಾರೆ. ಆ ಡಬ್ಲ್ಯು ಅಕ್ಷರ ಇಂಗ್ಲಿಷಿನ ವಿಂಟರ್, ಎಂದರೆ ಚಳಿಗಾಲ. ಅದರ ಹಿಂದಿನ ಅಂಕೆ ಚಿಕ್ಕದಾದಷ್ಟೂ ಎಣ್ಣೆ ಚಳಿಯಲ್ಲಿ ತೆಳುವಾಗಿರುತ್ತದೆ. ಹದಿನೈದರ ಎಣ್ಣೆಯನ್ನು ಪರೀಕ್ಷಿಸುವುದು ಸೊನ್ನೆಗಿಂತ ೨೦ ಡಿಗ್ರಿ ಕೆಳಗೆ. ಐದರ ಎಣ್ಣೆಯನ್ನು ೩೦ ಡಿಗ್ರಿ ಕೆಳಗೆ. ಸೊನ್ನೆಯ ಎಣ್ಣೆಯನ್ನು ೩೫ ಡಿಗ್ರಿ ಕೆಳಗೆ. ಕಾರಿನ ಕೈಪಿಡಿ ಒಪ್ಪಿದರೆ ಚಿಕ್ಕ ಅಂಕೆಯನ್ನು ಆರಿಸಿಕೊಳ್ಳಬೇಕು, ಒಪ್ಪದಿದ್ದರೆ ಆಸೆಪಡಬಾರದು. ಇನ್ನೊಂದು ಕಳ್ಳನನ್ನು ಬಹುಮಂದಿ ಹಿಡಿಯುವುದೇ ಇಲ್ಲ. ಎಂಜಿನಿನ ದ್ರವ ಬಿಸಿಯಾಗುವವರೆಗೆ ರೇಡಿಯೇಟರಿಗೆ ಹರಿಯದಂತೆ ತಡೆಯುವ ಥರ್ಮೊಸ್ಟಾಟ್ ಎಂಬ ಪುಟ್ಟ ಕವಾಟವು ತೆರೆದ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡರೆ, ಗಾಡಿ ಎಷ್ಟು ಓಡಿದರೂ ಶಾಖದ ಮುಳ್ಳು ಕೆಳಗೇ ಉಳಿಯುತ್ತದೆ. ಕಾರು ತಣ್ಣಗೆ ಓಡುತ್ತಿದೆಯೆಂದು ಮೈಸೂರಿನವರು ಸಂತೋಷಪಡುವಂಥ ಲಕ್ಷಣ, ಅಲ್ಲಿ ರೋಗದ ಲಕ್ಷಣ.

ಕಾರಿನೊಳಗಿನ ಬಿಸಿಗಾಳಿಗೆ ಮಾತ್ರ ಪೆಟ್ರೋಲು ಕಾರಿನಲ್ಲಿ ಪ್ರತ್ಯೇಕ ಖರ್ಚಿಲ್ಲ. ಎಂಜಿನ್ನು ಹೇಗೂ ಹೊರಚೆಲ್ಲುವ ಶಾಖವೇ ಅದು. ಪೂರ್ತಿ ವಿದ್ಯುತ್ತಿನಿಂದ ಓಡುವ ಕಾರಿಗೆ ಆ ಭಾಗ್ಯವಿಲ್ಲ. ಅದು ಶಾಖವನ್ನು ಚೆಲ್ಲುವುದೇ ಕಡಮೆಯಾದ್ದರಿಂದ, ಒಳಗಿನವರನ್ನು ಬೆಚ್ಚಗಿಡಲು ಬ್ಯಾಟರಿಯ ಗಂಟನ್ನೇ ಬಿಚ್ಚಬೇಕು. ಅಂಥ ಕಾರನ್ನು ಹೊರಡುವ ಮುನ್ನ, ಇನ್ನೂ ವಿದ್ಯುತ್ ತಂತಿಗೆ ಜೋಡಿಸಿರುವಾಗಲೇ ಬೆಚ್ಚಗಾಗಿಸಿಕೊಳ್ಳುವುದು ಜಾಣತನ.

ನಮ್ಮ ದೇಶದಲ್ಲಿ ಇಷ್ಟೆಲ್ಲ ತಿಳಿದವರು ಬೇಕಾಗುವುದು ಲಡಾಖಿನಲ್ಲಿ. ಕಾರ್ಗಿಲ್, ದ್ರಾಸ್‌ಗಳ ಚಳಿಯಲ್ಲಿ ಡೀಸೆಲಿನೊಳಗಿನ ಮೇಣ ಗಟ್ಟಿಯಾಗಿ ಶೋಧಕವನ್ನು ಕಟ್ಟಿಬಿಡುತ್ತದೆ. ಲಾರಿಯವರು ಡೀಸೆಲಿಗೆ ಸೀಮೆಎಣ್ಣೆ ಬೆರೆಸುವುದು, ತೊಟ್ಟಿಯ ಕೆಳಗೆ ಬೆಂಕಿ ಹಚ್ಚುವುದು ಇಂಥ ಸಾಹಸಗಳಿಗೆ ಕೈಹಾಕುತ್ತಿದ್ದರು. ೨೦೧೯ರ ನವೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ಸೊನ್ನೆಗಿಂತ ೩೩ ಡಿಗ್ರಿ ಕೆಳಗಿನವರೆಗೂ ಹರಿಯುವ ಚಳಿಗಾಲದ ಡೀಸೆಲನ್ನು ಅಲ್ಲಿಗೆ ತಂದಿತು. ಗ್ರ್ಯಾಂಡ್ ಫೋರ್ಕ್ಸ್‌ನವನು ಎಂಜಿನನ್ನು ಬದಲಿಸಿದ. ಇಲ್ಲಿಯವರು ಎಣ್ಣೆಯನ್ನೇ ಬದಲಿಸಿದರು.

ಜನವರಿಯ ನಡುವೆ ವಿನಿಪೆಗ್ಗಿನಲ್ಲಿ ಉಷ್ಣತೆ ಸೊನ್ನೆಗಿಂತ ೩೧ ಡಿಗ್ರಿ ಕೆಳಗಿಳಿದ ಒಂದು ಬೆಳಗ್ಗೆ ಹಿರಿಯರು ಎಲ್ಲರಿಗಿಂತ ಮೊದಲು ಎದ್ದರು. ಮಡಿಸಿಟ್ಟಿದ್ದ ತಂತಿಯನ್ನು ಮಗ ಹಿಂದಿನ ವಾರವೇ ಹೊರತೆಗೆದು ಗಡಿಯಾರದ ಸ್ವಿಚ್ಚಿಗೆ ಜೋಡಿಸಿದ್ದ. ಗ್ಯಾರೇಜಿಗೆ ಹೋಗುವ ನಡುಮನೆಯ ಗೋಡೆಯ ಮೇಲೆ, ವಿಷಾನಿಲ ಸುಳಿದರೆ ಕೂಗುವ ಹೊಸ ಯಂತ್ರವೊಂದು ಹಸಿರು ಕಣ್ಣನ್ನು ಮಿಟುಕಿಸುತ್ತಿತ್ತು. ಸೊಸೆ ಕೂಗಿದ ಮರುದಿನವೇ ಮಗ ಕೊಂಡುತಂದದ್ದು. ಸ್ವಿಚ್ಚಿನ ಮುಳ್ಳು ಐದು ದಾಟಿದೆಯೆಂದು ಹಿರಿಯರು ನೋಡಿಕೊಂಡರು. ಏಳಕ್ಕೆ ಹತ್ತು ನಿಮಿಷವಿರುವಾಗ ತಂತಿಯನ್ನು ಬಿಚ್ಚಿ ಸುತ್ತಿಟ್ಟು, ಗೋಡೆಯ ಗುಂಡಿಯನ್ನು ಒತ್ತಿದರು. ದೊಡ್ಡ ಬಾಗಿಲು ಕಿರುಗುಟ್ಟುತ್ತ ಮೇಲೇರಿತು. ಅದು ಪೂರ್ತಿ ಮೇಲೇರಿ ನಿಲ್ಲುವವರೆಗೆ ಶಾಲು ಹೊದೆದು ಚಳಿಯಲ್ಲಿಯೇ ನಿಂತಿದ್ದು, ಆಮೇಲೆ ಒಳಗೆ ಹೋಗಿ, ಕೀಲಿಕೈಯನ್ನು ಮಗನ ಕಾಫಿ ಲೋಟದ ಪಕ್ಕದಲ್ಲಿಟ್ಟರು.